ಎಂಜಿನ್ ಇಲ್ಲದ ನಾಲ್ಕು ದಿನ

ಕಾಶ್ಮಿರನ ದೋಣಿ ಸಿಕ್ಕಿತು. ಕಾಶ್ಮಿರ ಅಂದರೆ ಊರಲ್ಲ,
ಕುಠ್ಠಾಳಿಯ ಮೀನುಗಾರ, ಅಪ್ಪನ ಚಹದ ಗೆಳೆಯ.
ಮೇ ತಿಂಗಳ ನಾಲ್ಕು ದಿನಕ್ಕೆ ಬಾಡಿಗೆ ಇಷ್ಟು:
ಅವ್ವ ತಟ್ಟಿದ ಐವತ್ತು ಖಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ.
ಮೋಟರು ಮಾತ್ರ ಕಳಚಿ ಒಳಗಿಟ್ಟುಕೊಂಡ.
ಗಾಳಿಗೆ ಡೀಸೆಲ್ ಬೇಡ, ಹಾಯಿ ಒಯ್ಯಿ, ಅಂದ.

ಅಪ್ಪ ಹನ್ನೊಂದು ವರ್ಷ ಅದಿರಿನ ಬಾರ್ಜಿನಲ್ಲಿ ಆಯಿಲ್‌ಮನ್.
ಈ ದ್ವೀಪಗಳ ನಡುವೆ ಎಷ್ಟು ಸಲ ಹಾದನೋ
ಕಂಪನಿಯ ಹತ್ತಿರವೂ ಲೆಕ್ಕವಿಲ್ಲ.
ಆದರೆ ಎಂಜಿನ್ ರೂಮು ನೀರಿಗಿಂತ ಕೆಳಗೆ,
ಅಲ್ಲಿ ಕಿಟಕಿ ಇರುವುದಿಲ್ಲ.
ದಿವಾಡಿ ಅವನಿಗೆ ತಿರುವಿನಲ್ಲಿ ಎದ್ದ ಒಂದು ನಡುಕ,
ಚೋಡಣ ಅಂದರೆ ಮೇಲಿನಿಂದ ಬರುವ ಎರಡು ಗಂಟೆ,
ಬಾಣಸ್ತಾರಿ ಸೇತುವೆ ತಲೆಯ ಮೇಲೆ ಹಾಯುವಾಗ
ಎಂಜಿನ್ನು ಕೊಡದೊಳಗೆ ಬಾಯಿಟ್ಟು ಮಾತಾಡುತ್ತದಂತೆ.
"ಕಣ್ಣು ಕಟ್ಟಿದ್ರೂ ದಾರಿ ಹೇಳ್ತೀನಿ."
ಈ ಮಾತು ನಾವು ಜುವಾರಿನಗರದ ಒಂದೇ ಕೋಣೆಯಲ್ಲಿ
ದೀಪ ಆರಿಸಿದ ಮೇಲೆ ಎಷ್ಟು ಬೇಸಗೆ ಕೇಳಿದ್ದೆವೋ!

ಹೊರಟೆವು. ನೀಲಿ ತಾಡಪಾಲಿನ ಹಾಯಿ,
ಅದರ ಮೂಲೆಯಲ್ಲಿ ಇನ್ನೂ ಸಿಮೆಂಟು ಕಂಪನಿಯ ಆನೆ.
ಸೇತುವೆ ಬಂದಾಗ ಆಯಿ ತಲೆ ಬಗ್ಗಿಸಿದಳು,
ಬಾರ್ಜು ನುಸುಳುವಷ್ಟು ಎತ್ತರವಿದ್ದರೂ.
ತಮ್ಮ ಮೈಲಾರಿ ದಡದ ಪ್ರತಿ ಕೊರಡನ್ನೂ ಮೊಸಳೆ ಅಂದ,
ಒಂದು ಕೊರಡು ನಿಜಕ್ಕೂ ಜಾರಿ ನೀರಿಗಿಳಿಯಿತು,
ಆಮೇಲೆ ಅವನು ಸಂಜೆವರೆಗೂ ಮಾತಾಡಲಿಲ್ಲ.

ಎರಡನೆಯ ದಿನ, ವಾಂಶಿಯ ಹತ್ತಿರ
ಗಾಳಿ ಇತ್ತು, ಹಾಯಿ ಬಸುರಿಯಂತೆ ತುಂಬಿತ್ತು,
ದೋಣಿ ಮಾತ್ರ ಹಟದ ಎಮ್ಮೆ,
ಕೆಸರಿನಲ್ಲಿ ಕೂತುಬಿಟ್ಟಿತು.
ಅಪ್ಪ ಕಣ್ಣು ಮುಚ್ಚಿದ. ಕಿವಿ ಕೊಟ್ಟ.
ಇಳಿದ ನೀರು. ಏಡಿಗಳ ಚಿಟಿಚಿಟಿ.
ಅಷ್ಟೇ.
"ಇದು ಯಾವ ಕಡೆ ಅಂತ ನನಗ ಗೊತ್ತಿಲ್ಲ," ಅಂದ.
ಸ್ವಲ್ಪ ತಡೆದು, ಯಾರೂ ಕೇಳದೆಯೇ,
"ಈಜಾಕೂ ಬರೂದಿಲ್ಲ."

ಅವ್ವ ಒಮ್ಮೆ ನೋಡಿದಳು ಅವನನ್ನು.
ಬುತ್ತಿಯ ಗಂಟು ಬಿಚ್ಚಿದಳು.

ಚಿಪ್ಪು ಆರಿಸುವ ಹೆಂಗಸೊಬ್ಬಳು ಮೊಣಕಾಲು ಕೆಸರಿನಲ್ಲಿ
ನಮ್ಮ ದೋಣಿಯ ಪಕ್ಕಕ್ಕೇ ನಡೆದು ಬಂದಳು.
ಯಾವ ಊರು ನಿಮ್ಮದು, ಕೊಂಕಣಿಯಲ್ಲಿ ಕೇಳಿದಳು.
ಅಪ್ಪ ವಾಸ್ಕೊ ಅಂದ. ಅದೇ ಉಸಿರಿಗೆ ಆಯಿ, ಗುಳೇದಗುಡ್ಡ.
ಅವಳು ನಕ್ಕು, ನೀರು ರಾತ್ರಿ ಬರುತ್ತೆ ಅಂದಳು,
ಬಸ್ಸಿನ ಹೊತ್ತು ಹೇಳುವಂತೆ.
ಹಿಡಿ ಚಿಪ್ಪು ಕೊಟ್ಟಳು. ಆಯಿ ಅವನ್ನು ಮುಟ್ಟಲಿಲ್ಲ,
ಆದರೆ ಎರಡು ರೊಟ್ಟಿ ಅವಳ ಸೆರಗಿಗೆ ಹಾಕಿದಳು.

ಕತ್ತಲಾಯಿತು. ದಿವಾಡಿ ಗುಡ್ಡದ ಇಗರ್ಜಿಯ ದೀಪ.
ಅದನ್ನು ಅಪ್ಪ ತುಂಬ ಹೊತ್ತು ನೋಡಿದ,
ಹನ್ನೊಂದು ವರ್ಷದ ಬಾಕಿ ವಸೂಲಿ ಮಾಡುವವನ ಹಾಗೆ.

ಆಗ ದೂರದಲ್ಲಿ, ನದಿಯ ನಡುವೆ, ಒಂದು ಬಾರ್ಜು.
ಇರುಳಿಗಿಂತ ಕಪ್ಪು, ಮುಂದೊಂದು ದೀಪ, ಹಿಂದೊಂದು.
"ನಾವು ಹಿಂಗ ಕಾಣ್ತಿದ್ವೇನು," ಅಂದ ಅಪ್ಪ,
ಯಾರನ್ನು ಕೇಳಿದನೋ.
ಅದು ಹೋಯಿತು. ಬಹಳ ಹೊತ್ತಿನ ಮೇಲೆ,
ನಾವು ಮರೆತ ಮೇಲೆ, ಅದರ ಅಲೆ ಬಂತು.
ಒಂದು. ಇನ್ನೊಂದು.
ಮೂರನೆಯದು ದೋಣಿಯ ತಳಕ್ಕೆ ಕೈಕೊಟ್ಟು
ಮಲಗಿದ ಕೂಸನ್ನು ಎತ್ತುವ ಹಾಗೆ ಎತ್ತಿತು.

ಅಪ್ಪ ಎದ್ದು ನಿಂತು ಕೈ ಬೀಸಿದ
ಆಗಲೇ ತಿರುವಿನಲ್ಲಿ ಮರೆಯಾದ ಕಬ್ಬಿಣದ ಗೋಡೆಗೆ.
ಯಾರಿಗಪ್ಪಾ, ಅಂದ ಮೈಲಾರಿ.
"ಕೆಳಗ ಎಣ್ಣಿ ಹಾಕೋ ಹುಡುಗಗ."

ಹಾಯಿ ಬಿಚ್ಚು, ಅಂದ ನನಗೆ.
ಗಂಟು ನೀರು ಕುಡಿದು ಬಿಗಿದಿತ್ತು.
ಹಲ್ಲಿನಿಂದ ಎಳೆದೆ.
ಬಾಯಿ ತುಂಬ ಉಪ್ಪು.